ಒಣಗಿದ ಗಾಳಿಯ ಮೇಷ್ಟ್ರು

ಹೋದ ವಾರ ನಿಮ್ಮಪ್ಪ ಗೋಡೆಗೆ ಬಳಿಸಲೆಂದು ಸುಟ್ಟ ಸುಣ್ಣದ ಹೆಂಟೆಗಳಿಗೆ ನೀರು ಹೊಯ್ದ. ಸುಂಯ್ ಎಂದು ಕುದಿದು ಬಿಸಿ ವಾಸನೆ ಎದ್ದಿತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಣ್ಣಿಗೆ ಹಬೆ ಹೊಡೆಯಿತೆಂದು ನೀವು ತಿಳಿದಿರಿ. ಅಲ್ಲ, ಮಕ್ಕಳೇ...

ನನಗಾಗ ಹನ್ನೆರಡು ವರ್ಷ. ಮಹಾರಾಜರ ಕಾಲ. ಮಧುಗಿರಿಯಲ್ಲಿ ನಮ್ಮ ಮನೆಯ ಬೀದಿಕಡೆಯ ಕೋಣೆಯನ್ನು ಸ್ಕೂಲಿನವರು ಸೈನ್ಸ್ ತರಗತಿಗೆಂದು ಬಾಡಿಗೆಗೆ ಹಿಡಿದಿದ್ದರು. ಪಾಠ ಹೇಳುತ್ತಿದ್ದವರು ಮಿಡಿಗೇಶಿ ಕಡೆಯ ಮೇಷ್ಟ್ರು. ಹುಡುಗರು ಹೋದ ಮೇಲೆ ನಾನು ಕಸ ಗುಡಿಸಲು ಹೋದರೆ, ಹುಡುಗರಿಗೆ ತೋರಿಸಿದ್ದನ್ನೆಲ್ಲ ನನಗೂ ತೋರಿಸುತ್ತಿದ್ದರು. ನಾನು ಪೊರಕೆ ಹಿಡಿದು ನಿಂತು ನೋಡುತ್ತಿದ್ದೆ.

ಅವರ ಜೀವವೆಲ್ಲ ವಿದ್ಯುತ್ತನ್ನು ತೋರಿಸುವ ಒಂದು ಗಾಜಿನ ಸೀಸೆಯಲ್ಲಿತ್ತು. ಅದರೊಳಗೆ ಎರಡು ಚಿನ್ನದ ರೇಕು, ಉಸಿರಿಗೂ ಅಲುಗುವಷ್ಟು ತೆಳು. ರೇಷ್ಮೆಗೆ ಉಜ್ಜಿದ ಗಾಜಿನ ಕಡ್ಡಿಯನ್ನು ಸೀಸೆಯ ಮೇಲಿನ ಲೋಹದ ಗುಂಡಿಗೆ ಮುಟ್ಟಿಸಿದರೆ ರೇಕುಗಳು ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತಿದ್ದವು. ಸೀಸೆಯ ಗಾಳಿಯಲ್ಲಿ ತೇವವಿದ್ದರೆ ಮಾತ್ರ ಒಡನೆ ಜೋತುಬೀಳುತ್ತಿದ್ದವು. ಅದಕ್ಕೆ ಮೇಷ್ಟ್ರು ಕಮ್ಮಾರನಿಂದ ಗಾಳಿ ಊದುವ ಒಂದು ಸಣ್ಣ ಚರ್ಮದ ತಿದಿ ತಂದಿದ್ದರು. ತಿದಿಯ ಗಾಳಿ ಸುಟ್ಟ ಸುಣ್ಣದ ಚೂರು ತುಂಬಿದ ಗಾಜಿನ ಕೊಳವೆಯನ್ನು ದಾಟಿ, ಹತ್ತಿಯನ್ನು ದಾಟಿ, ಸೀಸೆಗೆ ಹೋಗುತ್ತಿತ್ತು. ಸುಣ್ಣ ತೇವ ಕುಡಿಯುತ್ತಿತ್ತು. ಹತ್ತಿ ಪುಡಿಯನ್ನು ತಡೆಯುತ್ತಿತ್ತು.

"ಏನ್ ಮೇಷ್ಟ್ರೇ, ಗಾಳೀನೂ ಒಣಗಾಕ್ತೀರಾ? ಸಂಡಿಗೆ ಒಣಗಾಕ್ದಂಗೆ?" ಎಂದು ನಮ್ಮಜ್ಜಿ ಕೆಣಕುತ್ತಿದ್ದಳು.

"ಹೂಂ ಕಣಮ್ಮ. ನಿಮ್ ಸಂಡಿಗೆಗೆ ಕಾಗೆ ಕಾಟ, ನನ್ ಗಾಳಿಗೆ ನೀರಿನ ಕಾಟ."

ಆ ವರ್ಷ ಕಾರ್ತೀಕದಲ್ಲಿ ಸಾಹೇಬರೊಬ್ಬರು ಪಾಠ ನೋಡಲು ಬರುವರೆಂದು ಗೊತ್ತಾಯಿತು. ಅವರು ಮೆಚ್ಚಿದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚಿಬಿಡುತ್ತಾರೆ. ಮೇಷ್ಟ್ರು ಊಟ ಮರೆತು ಹೊಸ ಸುಣ್ಣ ತುಂಬಿ, ಕೊಳವೆಗೂ ಸೀಸೆಗೂ ಬಿರಡೆ ಹಾಕಿಟ್ಟರು.

ಸಾಹೇಬರು ಬರುವ ದಿನ ಬೆಳಗ್ಗೆ ಅಜ್ಜಿ ನೆಲ ಸಾರಿಸಲು ಹೇಳಿದಳು. ಕೋಣೆಯಲ್ಲಿ ಸರಸ್ವತಿಯ ಪಟವಿತ್ತು. ಅದರ ಕೆಳಗೇ ತಿದಿ.

"ಲೇ, ಅದು ಚರ್ಮದ್ದಲ್ವೇನೇ? ದೊಡ್ಡೋರು ಬರೋ ದಿನ ಸರಸ್ವತಿ ಮುಂದೆ ಹಂಗೇ ಮಡಗ್ತಾರಾ? ನೀರಾಕಿ ಶುದ್ಧ ಮಾಡ್ಬುಡು."

ಮೇಷ್ಟ್ರಿಗೆ ಒಳ್ಳೆಯದಾಗಲೆಂದೇ ಮಾಡಿದೆ. ಮೇಲೆ ಚಿಮುಕಿಸಿದರೆ ಸಾಲದು, ಒಳಗೂ ಚರ್ಮವೇ ಅಲ್ಲವೇ ಎಂದು ತಿದಿಯ ಬಾಯಿಂದ ಒಂದು ಚೊಂಬು ನೀರು ಬಿಟ್ಟೆ. ಬಗ್ಗಿಸಿ ಚೆಲ್ಲಿ, ಹೊರಗೆಲ್ಲ ಸೆರಗಿನಿಂದ ಒರೆಸಿ, ಇದ್ದ ಹಾಗೇ ಇಟ್ಟೆ.

ಸಾಹೇಬರು ಬಂದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಮೇಷ್ಟ್ರು ನಗುತ್ತ ತಿದಿ ಒತ್ತಿದರು. ಕೊಳವೆಯೊಳಗೆ ಸುಂಯ್ ಎಂದಿತು. ಸುಣ್ಣ ಕಾದು ಉಬ್ಬಿ, ಕೊಳವೆ ಟಕ್ಕನೆ ಸೀಳಿತು. ಮೇಷ್ಟ್ರು ಆ ಬಿಸಿ ಚೂರುಗಳನ್ನು ಬರಿಗೈಯಲ್ಲೇ ಬಾಚಿದರು.

"ಏನ್ರೀ ಇದು, ಪಾಠಾನೋ ಅಡಿಗೇನೋ?" ಎಂದರು ಸಾಹೇಬರು. ಹುಡುಗರೆಲ್ಲ ನಕ್ಕರು.

ಸಂಜೆ ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಅಂಗೈ ಬೊಬ್ಬೆ ಎದ್ದಿತ್ತು. "ತಿದಿ ಒಳಗೆ ನೀರಿತ್ತು ಕಣಮ್ಮ. ಸೂರು ಸೋರಿರ್ಬೇಕು. ಮುಚ್ಚಿ ಮಡಗಬೇಕಿತ್ತು, ನಂದೇ ತಪ್ಪು" ಎಂದರು. ಅಜ್ಜಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳೇ ಎದ್ದುಹೋಗಿ ಬೆಣ್ಣೆ ತಂದು ಅವರ ಕೈಗೆ ಹಚ್ಚಿದಳು.

ತರಗತಿ ಮುಚ್ಚಿತು. ಮೇಷ್ಟ್ರನ್ನು ಪಾವಗಡದ ಕಡೆ ಮಗ್ಗಿ ಹೇಳಿಕೊಡುವ ಸಣ್ಣ ಸ್ಕೂಲಿಗೆ ಹಾಕಿದರು.

ಮದುವೆಯಾಗಿ ತೋವಿನಕೆರೆಗೆ ಬಂದ ಮೇಲೊಮ್ಮೆ, ಪಾವಗಡದಿಂದ ಬಂದ ನೆಂಟರೊಬ್ಬರು ಮೇಷ್ಟ್ರ ಸುದ್ದಿ ಹೇಳಿದರು. ಮಳೆ ಬಂದಾಗಲೆಲ್ಲ ಎದ್ದು ಸೂರು ನೋಡುತ್ತಾರಂತೆ. ಮುಚ್ಚಿಡಬೇಕಿತ್ತು, ಮುಚ್ಚಿಡಬೇಕಿತ್ತು ಎನ್ನುತ್ತಾರಂತೆ. ಕಾರ್ಡು ತರಿಸಿ ಅವರಿಗೆ ನಿಜ ಬರೆಯಲು ಕೂತೆ. ನಾಲ್ಕು ಸಾಲು ಬರೆಯುವಷ್ಟು ಅಕ್ಷರ ನನಗೆ ಬರುತ್ತಿತ್ತು. ನಾಚಿಕೆಯೋ, ಹೆದರಿಕೆಯೋ... "ಕ್ಷೇಮ" ಎಂಬಲ್ಲಿಗೆ ಕೈ ನಿಂತಿತು. ಮುಂದಿನ ವರ್ಷ ಅವರು ತೀರಿಹೋದರೆಂದು ಕೇಳಿದೆ.

ನಿಮ್ಮ ತಾತನಿಗೂ ಇದನ್ನು ಹೇಳಿರಲಿಲ್ಲ. ಈಗ ತಾತನೂ ಇಲ್ಲ. ಸೂರು ಸೋರಿರಲಿಲ್ಲ, ಮಕ್ಕಳೇ. ಹಿಂದಿನ ರಾತ್ರಿ ಮಳೆಯೇ ಬಂದಿರಲಿಲ್ಲ. ಬಂದಿದ್ದು ನಾನು.