ಸಾವಿನ ಪದವನ್ನು ಮೊದಲು ಹಾಡಿಸಿದವರು

ಹಾಡಲು ಬಾಯಿ ತೆರೆದರೆ ಸಂಗೀತದ ಮೇಡಂ ಕುತ್ತಿಗೆಯ ಎಡಗಡೆ ಒಂದು ನರ ಬೆರಳು ದಪ್ಪಕ್ಕೆ ಎದ್ದು ನಿಲ್ಲುತ್ತಿತ್ತು. ಸಿಟ್ಟು ಬಂದಾಗ ಏಳುತ್ತಿದ್ದುದೂ ಅದೇ ನರ. ಹಾಡಲು ಹೊರಟಿದ್ದಾರೋ ಬೈಯಲು ಹೊರಟಿದ್ದಾರೋ ನಮಗೆ ತಟ್ಟನೆ ತಿಳಿಯುತ್ತಿರಲಿಲ್ಲ. ಹೆಚ್ಚಿನ ಸಲ ಬೈಗುಳವೇ ಆಗಿರುತ್ತಿತ್ತು.

ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಅವರು ಟೀಚರು. ಭಾನುವಾರ ಅಲ್ಲೇ ಒಂದು ಕೋಣೆಯಲ್ಲಿ ನಮ್ಮಂಥ ಹೆಂಗಸರನ್ನು ಸೇರಿಸಿ ಹಾಡಿಸುತ್ತಿದ್ದರು. ನಾನು ಹಂಗಳದ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ಅಂಗನವಾಡಿ ಸಹಾಯಕಿ. ಕೇರಳದ ನರ್ಸೊಬ್ಬಳಿದ್ದಳು, ತಾಳವಾಡಿಯಿಂದ ಮದುವೆಯಾಗಿ ಬಂದ ಹೂವಿನವಳಿದ್ದಳು. "ಶ್ರುತಿ ಆಮೇಲೆ ನೋಡೋಣ, ಮೊದಲು ಬಾಯಿ ಬಿಡಿ. ಮನೇಲಿ ಮುಚ್ಕೊಂಡಿರೋದು ಸಾಲ್ದಾ?" ಎಂದು ಗದರುತ್ತಿದ್ದರು.

ಚಾಮರಾಜನಗರದಲ್ಲಿ ನಮ್ಮದೊಂದು ಕಾರ್ಯಕ್ರಮ ನಿಗದಿಯಾಯಿತು. ಯಾವ ಭಾಷೆಯವರಾದರೂ ಮನುಷ್ಯರ ಸುಖದುಃಖ ಒಂದೇ ಎಂದು ಹಾಡಿನಲ್ಲೇ ತೋರಿಸಬೇಕು ಅಂತ ಮೇಡಂ ಆಸೆ. ಜೋಗುಳದಿಂದ ಶುರು, ಆಮೇಲೆ ನರ್ಸ್ ಕಲಿಸಿದ ಮಲಯಾಳದ ಮದುವೆ ಹಾಡು, ಹೂವಿನವಳು ಗದ್ದೆ ನಾಟಿಗೆ ಹಾಡುತ್ತಿದ್ದ ತಮಿಳು ಪದ, ಕೊನೆಗೆ ನನ್ನ ಅವ್ವನ ಸಾವಿನ ಪದ.

ಊರಿನ ದೊಡ್ಡ ಮನೆಗಳಲ್ಲಿ ಯಾರು ಸತ್ತರೂ ನಮ್ಮ ಕೇರಿಯಿಂದ ಅವ್ವನನ್ನು ಕರೆಸುತ್ತಿದ್ದರು. ಹೆಣದ ಮುಂದೆ ಕೂತು, ಸತ್ತವರ ಗುಣವನ್ನೆಲ್ಲ ಪೋಣಿಸಿ ಹಾಡಿದರೆ ಗಂಡಸರೂ ಅಳುತ್ತಿದ್ದರು. ಮಿಕ್ಕ ದಿನ ಅವಳು ಆ ಮನೆಗಳ ಜಗಲಿ ಹತ್ತುವಂತಿರಲಿಲ್ಲ. ಅವ್ವ ಸತ್ತಾಗ ಮಾತ್ರ ಅವಳಿಗೆ ಹಾಡಲು ಯಾರೂ ಇರಲಿಲ್ಲ. ಪದ ಗೊತ್ತಿದ್ದ ನಾನು ಬರೀ ಅಳುತ್ತ ಕೂತಿದ್ದೆ. ಆ ಹಾಡನ್ನು ವೇದಿಕೆಯ ಮೇಲಾದರೂ ಅವಳಿಗೆ ಸಲ್ಲಿಸಬೇಕೆಂದು ಒಪ್ಪಿದ್ದೆ.

ಸಾವಾಗದೆ ಆ ಪದವನ್ನು ಸೂರಿನಡಿ ಹೇಳಬಾರದು ಅನ್ನುವುದು ನಮ್ಮಲ್ಲಿ ರೂಢಿ. ಹೇಳಿದರೂ ಕೇಳದೆ ಮೇಡಂ ಕೋಣೆಯಲ್ಲೇ ಪ್ರಾಕ್ಟೀಸ್ ಮಾಡಿಸಿದರು. ಎದುರು ಬೀದಿಯ ಹೆಂಗಸರು ಓಡಿಬಂದು, "ಯಾರ್ ತೀರ್ಕಂಡ್ರವ್ವ?" ಅಂದರು. ಒಬ್ಬಾಕೆ ಆಗಲೇ ಅಳಲು ಶುರುಮಾಡಿದ್ದಳು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರದಿಂದ ಮೈದಾನದ ಬೇವಿನ ಮರದಡಿ ಹಾಡಿಸಿದರು.

ಕಾರ್ಯಕ್ರಮದ ದಿನ ಅದನ್ನು ನಡೆಸುತ್ತಿದ್ದ ಸಂಘದ ಅಧ್ಯಕ್ಷರು ವೇದಿಕೆಯ ಹಿಂದೆ ಬಂದರು. ನಮ್ಮೂರಿನ ದೊಡ್ಡ ಮನೆಯವರೇ. ಅವರ ತಂದೆ ಸತ್ತಾಗ ಹಾಡಿದವಳು ಅವ್ವ, ಅದನ್ನು ಮೇಡಂಗೆ ನಾನೇ ಹೇಳಿದ್ದೆ.

"ದೀಪ ಹಚ್ಚೋ ಜಾಗ್ದಲ್ಲಿ ಸಾವಿನ್ ಪದ ಯಾಕ್ ಮೇಡಂ? ಕೊನೇದು ಬುಟ್ಬುಡಿ. ಈ ಅಮ್ಮಿ ಇಂದ್ಗಡೆ ನಿಂತ್ಕಳ್ಳಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ಕುತ್ತಿಗೆಯ ನರ ಎದ್ದಿತು.

"ನಿಮ್ಮಪ್ಪನ ಹೆಣದ ಮುಂದೆ ಇವಳ ತಾಯಿ ಬೇಕಾಗಿತ್ತು, ವೇದಿಕೆಗೆ ಇವಳು ಬೇಡವಾ? ಸಾಯದೆ ಇರೋರು ನಿಮ್ಮ ಸಂಘದಲ್ಲಿ ಯಾರಿದ್ದಾರೆ, ಕರ್ಕೊಂಡು ಬನ್ನಿ, ನೋಡ್ತೀನಿ!"

ಅಧ್ಯಕ್ಷರು ಗೊಣಗುತ್ತ ಹೋದರು. ಪರದೆ ಸರಿದದ್ದೇ ಮೇಡಂ ಜೋಗುಳದ ಬದಲು ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದರು. "ಮೊದಲು ನಿಮ್ಮವ್ವಂದು."

ಸೂರಿನಡಿ ಹಾಡಲು ಸಾವು ಬೇಕಿತ್ತು, ನನಗೆ ಅವ್ವನ ಸಾವಿತ್ತು. ಅವಳ ಕೂಲಿ, ಅವಳ ನಗು, ಜಗಲಿಯ ಕೆಳಗೆ ನಿಂತು ಕುಡಿದ ಕಾಫಿ, ಎಲ್ಲವನ್ನೂ ಪೋಣಿಸಿದೆ. ಪದದ ಎರಡನೆಯ ಸಾಲಿಗೇ ಅಧ್ಯಕ್ಷರು ಮೈಕ್ ಆಫ್ ಮಾಡಿಸಿದರು. ನರ್ಸೂ ಹೂವಿನವಳೂ ದನಿ ಕೂಡಿಸಿದರು. ಹಿಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ನನಗೆ ಕಾಣುತ್ತಿತ್ತು. ಮುಗಿಸಿಯೇ ಬಿಟ್ಟೆ.

ಆ ಮನುಷ್ಯ ಸುಮ್ಮನಿರಲಿಲ್ಲ. ಶಾಲೆಯವರಿಗೆ ಹೇಳಿಸಿ ಭಾನುವಾರದ ಕೋಣೆಗೆ ಬೀಗ ಹಾಕಿಸಿದರು. ಆಮೇಲೆ ಮೇಡಂಗೆ ಯಾರೂ ಒಂದು ವೇದಿಕೆ ಕೊಡಲಿಲ್ಲ. ಅಂಥ ದನಿಯನ್ನು ಮೂಲೆಗೆ ಕೂರಿಸಿದರಲ್ಲ, ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಮೇಡಂ ಕಿಡ್ನಿ ಕಾಯಿಲೆಯಿಂದ ಹೋದ ವರ್ಷ ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಇಟ್ಟವರೂ ಅದೇ ಸಂಘದವರು! ಅಧ್ಯಕ್ಷರು ಫೋಟೋಗೆ ಹಾರ ಹಾಕಿ, ನಾಡಿಗೆ ದೊಡ್ಡ ನಷ್ಟ ಎಂದೆಲ್ಲ ಮಾತಾಡಿ, ಕೊನೆಗೆ ನನ್ನತ್ತ ತಿರುಗಿದರು. "ಬಾರಮ್ಮಿ, ನಿಮ್ಮವ್ವನ್ ಪದ ಒಂದ್ ಏಳ್ಬುಡು. ಅದ್ಕೆ ಇದು ಸರಿಯಾದ ಸಮಯ ಕಣಮ್ಮಿ."

ಎದ್ದು ಹೋಗಿ ಮೈಕಿನ ಮುಂದೆ ನಿಂತೆ.

"ಮೇಡಂಗೆ ಅವ್ರ ಮನೇಲೇ ಪದ ಏಳಿ ಬಂದಿವ್ನಿ. ಇನ್ಮುಂದೆ ನಿಮ್ಮನೇಲಿ ಯಾರ್ ಸತ್ರೂ ನಮ್ ಕೇರಿಗೆ ಆಳ್ ಕಳುಸ್ಬ್ಯಾಡಿ."

ಕೆಳಗಿಳಿದೆ. ಬಾಗಿಲ ತನಕ ಒಬ್ಬೊಬ್ಬರ ಮುಖವನ್ನೂ ನೋಡುತ್ತಲೇ ನಡೆದೆ. ಅಷ್ಟು ಧೈರ್ಯ ನನ್ನದಲ್ಲ, ಮೇಡಂ ಕೊಟ್ಟು ಹೋದದ್ದು.