ಸಾಲಿನಲ್ಲಿ ಎರಡನೇ ಗಾಡಿ

ನನ್ನ ಭಾವ ಸೈನ್ಯ ಬಿಟ್ಟು ಬಂದಾಗ ತೊಟ್ಟಿಲಲ್ಲಿದ್ದ ನನ್ನ ಮಗಳಿಗೆ ಈಗ ಮದುವೆಯಾಗಿದೆ. ಆದರೂ ಅಕ್ಕನ ಮನೆಗೆ ಹೋದರೆ ಚಪ್ಪಲಿಯನ್ನು ಹಿಮ್ಮಡಿ ಗೋಡೆಗೆ ತಾಗುವಂತೆ ಸಾಲಾಗಿ ಬಿಡಬೇಕು. ಊಟಕ್ಕೆ ಕರೆದ ತಕ್ಷಣ ಏಳಬೇಕು. ಅಕ್ಕ ಸಾರಿಗೆ ಉಪ್ಪು ಹಾಕುವುದನ್ನು ಮರೆತರೆ ಭಾವ ಬೈಯುವುದಿಲ್ಲ, ‘ವರದಿ’ ಕೇಳುತ್ತಾರೆ. ಅವಳು ಏನು ವರದಿ ಕೊಡುತ್ತಾಳೋ ಬಿಡಿ, ಉಪ್ಪಿನ ಡಬ್ಬಿಯನ್ನು ತಂದು ಅವರ ತಟ್ಟೆಯ ಪಕ್ಕ ಕುಕ್ಕುತ್ತಾಳೆ.

ಅವರು ಇದ್ದದ್ದು ಸೇನೆಯ ಸಾರಿಗೆ ದಳದಲ್ಲಿ, ಲಾರಿ ಡ್ರೈವರ್ ಆಗಿ. ಒಳ್ಳೆಯ ಡ್ರೈವರ್, ಅದನ್ನು ಒಪ್ಪಬೇಕು. ಎಂಥ ಹಳ್ಳಕೊಳ್ಳದ ರಸ್ತೆಯಲ್ಲೂ ಪಕ್ಕದಲ್ಲಿ ಕೂತವನಿಗೆ ನಿದ್ದೆ ಬರುವ ಹಾಗೆ ಓಡಿಸುತ್ತಿದ್ದರು. ಬಂದ ಮೇಲೆ ಬಸ್ಸು ಓಡಿಸಬಹುದಿತ್ತು, ನಾಲ್ಕು ಜನರಿಗೆ ಕಲಿಸಬಹುದಿತ್ತು. ಅವರು ದಳದ ಮಾಜಿ ಸೈನಿಕರ ಸಂಘಕ್ಕೆ ಕಾರ್ಯದರ್ಶಿಯಾದರು. ಅಲ್ಲಿಗೆ ಮನುಷ್ಯ ಕೆಟ್ಟ.

ಸಂಘದ ಕಚೇರಿ ಟೈರ್ ಅಂಗಡಿಯ ಮಹಡಿಯ ಮೇಲೆ ಒಂದೇ ಒಂದು ಕೋಣೆ. ಕೆಳಗಿನ ರಬ್ಬರ್ ವಾಸನೆ ಅಲ್ಲಿನ ಪರದೆಗೂ ಅಂಟಿಕೊಂಡಿದೆ. ಅಧಿಕಾರಿಗಳಾಗಿದ್ದವರಿಗೆ ಕೈಯಿರುವ ಕುರ್ಚಿ, ಮಿಕ್ಕವರಿಗೆ ಕೈಯಿಲ್ಲದ ಕಬ್ಬಿಣದ ಕುರ್ಚಿ. ಕಾರ್ಯದರ್ಶಿಗೆ ಮಾತ್ರ ಒಂದು ಕೈ ಮುರಿದ ಕುರ್ಚಿ. ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಭಾವ ಅದರಲ್ಲಿ ಕೂತು, ಉಳಿದ ಒಂದು ಕೈಯ ಮೇಲೆ ಮೊಣಕೈ ಊರಿ, ಸಿಂಹಾಸನ ಏರಿದವರಂತೆ ಗಂಟಲು ಸರಿಪಡಿಸಿಕೊಳ್ಳುತ್ತಾರೆ.

ನಾನು ದರ್ಜಿ. ಈ ಶೂರರನ್ನೆಲ್ಲ ನಾನು ಬಲ್ಲದ್ದು ಅಳತೆ ಟೇಪಿನಿಂದ. ಪ್ರತಿ ವರ್ಷ ದಳದ ದಿನಾಚರಣೆಗೆ ಮುಂಚೆ ಅವರ ಕೋಟುಗಳೆಲ್ಲ ಹೊಲಿಗೆ ಬಿಚ್ಚಿಸಿಕೊಳ್ಳಲು ನನ್ನ ಅಂಗಡಿಗೆ ಬರುತ್ತವೆ. ಹೊಟ್ಟೆ ಬೆಳೆದಷ್ಟೂ ಶೌರ್ಯ ಬೆಳೆಯುತ್ತದೆ. ಮೊದಲ ವರ್ಷ ಆಲೂಗಡ್ಡೆ ಮೂಟೆ ಸಾಗಿಸಿದೆ ಅಂದವನು ಈಚೆಗೆ ಮದ್ದುಗುಂಡು ಸಾಗಿಸಿದೆ ಅನ್ನುತ್ತಿದ್ದಾನೆ. ಇನ್ನೆರಡು ಇಂಚು ಬಿಚ್ಚಿದರೆ ಶತ್ರುವನ್ನೇ ಹಿಡಿದು ತರುತ್ತಾನೆ.

ಕಳೆದ ವರ್ಷದ ಆರಂಭದಲ್ಲಿ ಸಂಘ ಕೈಗೆತ್ತಿಕೊಂಡ ಮಹಾಕಾರ್ಯವೆಂದರೆ ಟೈ. ಅದರ ಪಟ್ಟೆ ಕಡುನೀಲಿಯೋ ತಿಳಿನೀಲಿಯೋ ಎಂದು ತಿಂಗಳುಗಟ್ಟಲೆ ಸಭೆ ನಡೆಯಿತು. ಕಾಲು ಸೋತ ಸದಸ್ಯರು ಹತ್ತಿ ಬರಲು ಮಹಡಿ ಮೆಟ್ಟಿಲಿಗೆ ಒಂದು ಹಿಡಿಕಂಬಿ ಹಾಕಿಸುವ ಮಾತು ಬಂದಾಗ ಹೊತ್ತಾಯಿತು ಎಂದು ಎದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಆಮೇಲೆ ದಿನಾಚರಣೆ. ಊರಾಚೆ ಇರುವ ಸ್ಮಾರಕದ ಕಲ್ಲಿಗೆ ಎಲ್ಲರೂ ತಮ್ಮ ತಮ್ಮ ಗಾಡಿಗಳಲ್ಲಿ ಸಾಲಾಗಿ ಹೋಗಬೇಕು. ಅದಕ್ಕೆ ಕಾನ್ವಾಯ್ ಅಂತಲೇ ಅನ್ನುತ್ತಾರೆ. ಮೊದಲನೆಯದು ಅಧ್ಯಕ್ಷರ ಕಾರು, ಎರಡನೆಯದು ಕಾರ್ಯದರ್ಶಿಯದು, ಆಮೇಲೆ ಪದವಿಯ ಪ್ರಕಾರ. ಯಾರೂ ಮುಂದಿನ ಗಾಡಿಯನ್ನು ದಾಟುವಂತಿಲ್ಲ, ಹಾರ್ನ್ ಹೊಡೆಯುವಂತಿಲ್ಲ. ಯುದ್ಧದ ರಸ್ತೆಯಲ್ಲಿ ಇದಕ್ಕೆ ಅರ್ಥವಿತ್ತು. ಮುಂದಿನವನಿಗೆ ದಾರಿ ಗೊತ್ತಿರುತ್ತಿತ್ತು, ಅವನ ಚಕ್ರದ ಗುರುತು ಬಿಟ್ಟು ಸರಿದರೆ ಪ್ರಾಣ ಹೋಗುತ್ತಿತ್ತು. ನಮ್ಮ ಅಧ್ಯಕ್ಷರು ನಿವೃತ್ತ ಮೇಜರ್. ಸೇವೆಯುದ್ದಕ್ಕೂ ಡ್ರೈವರ್ ಪಕ್ಕದಲ್ಲಿ ಕೂತು ಗೊರಕೆ ಹೊಡೆದವರು. ಸ್ಟೇರಿಂಗ್ ಮುಟ್ಟಿದ್ದೇ ನಿವೃತ್ತಿಯಾದ ಮೇಲೆ. ಹುಟ್ಟಾ ಡ್ರೈವರುಗಳ ಒಂದು ಹಿಂಡು ಈ ಮಹಾಶಯರ ಹಿಂದೆ, ಎಮ್ಮೆ ನಡೆಯುವ ವೇಗದಲ್ಲಿ.

ಸಾಲಿನ ಕೊನೆಯಲ್ಲಿ ಬರುತ್ತಿದ್ದವನು ಕ್ಲಚ್ಚು. ಕೂತಲ್ಲೂ ಎಡಗಾಲು ಒತ್ತುತ್ತಿರುತ್ತಿತ್ತು, ಅದಕ್ಕೇ ಆ ಹೆಸರು. ಭಾವ ಮತ್ತು ಅವನು ವರ್ಷಾನುಗಟ್ಟಲೆ ಒಂದೇ ಲಾರಿ ಓಡಿಸಿದವರು. ಒಬ್ಬ ಮಲಗಿದರೆ ಇನ್ನೊಬ್ಬ ಓಡಿಸುವುದು, ಒಂದೇ ಕಂಬಳಿ, ಒಂದೇ ತಟ್ಟೆ. ಭಾವ ಮನಸಾರೆ ನಗುವುದನ್ನು ನಾನು ನೋಡಿದ್ದು ಅವನೊಬ್ಬನ ಜೊತೆಯಲ್ಲೇ.

ಆ ದಿನ ಅರ್ಧ ದಾರಿಯಲ್ಲಿ ಕ್ಲಚ್ಚು ಸಾಲು ಬಿಟ್ಟು ಎಲ್ಲರನ್ನೂ ದಾಟಿ, ಅಧ್ಯಕ್ಷರ ಕಾರನ್ನೂ ದಾಟಿ ಹೋದ. ಮುಂದೆ ಒಂದು ಪೆಟ್ರೋಲ್ ಬಂಕಿನ ಪಾಯಿಖಾನೆಗೆ ಓಡಿದ. ಮುದುಕ, ತಡೆಯಲಾಗಲಿಲ್ಲ. ಇಷ್ಟೇ ಅಪರಾಧ.

ಸಂಘ ವಿಚಾರಣೆ ಮಾಡಿತು. “ಶಿಸ್ತು ಅನ್ನೋದು ಒಂದಿದೆ” ಎಂದರು ಅಧ್ಯಕ್ಷರು. ಕ್ಲಚ್ಚು ಎದ್ದು ನಿಂತು, “ಸಾರ್, ಕೋಟಲ್ಲೇ ಮಾಡ್ಕೊಂಡಿದ್ರೆ ಶಿಸ್ತಾಗಿರ್ತಿತ್ತಾ?” ಎಂದ. ಒಬ್ಬನೂ ನಗಲಿಲ್ಲ. ಒಂದು ವರ್ಷ ಅಮಾನತು. ಅದನ್ನು ಓದಿ ಹೇಳಿದವರು ನನ್ನ ಭಾವ, ಒಂದು ಕೈಯ ಕುರ್ಚಿಯಲ್ಲಿ ಕೂತು, ಗೆಳೆಯನ ಮುಖ ನೋಡದೆ. ಮನೆಗೆ ಬಂದು ಹೇಳಿದಾಗ ಅಕ್ಕ, “ನಾಚಿಕೆ ಆಗಲ್ವಾ ನಿಮಗೆ?” ಎಂದಳು. “ನಿಂಗರ್ಥ ಆಗಲ್ಲ ಬಿಡು” ಎಂದರು. ನನಗೆ ಚೆನ್ನಾಗಿ ಅರ್ಥವಾಗಿತ್ತು. ಪುಕ್ಕಲುತನಕ್ಕೆ ಸಮವಸ್ತ್ರ ಹೊಲಿದು ಹಾಕಿದರೆ ಅದಕ್ಕೆ ಶಿಸ್ತು ಎಂದು ಹೆಸರು.

ಕೆಲವು ತಿಂಗಳಲ್ಲಿ ತಿಳಿಯಿತು, ತಡೆಯಲಾಗದ್ದಕ್ಕೆ ಕಾರಣ ಮುಪ್ಪಲ್ಲ, ಒಳಗೆ ಬೆಳೆದಿದ್ದ ಕ್ಯಾನ್ಸರು. ವೈದ್ಯರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಕ್ಕ, ಭಾವ, ನಾನು ನೋಡಲು ಹೋದೆವು. ಭಾವ ಅಲ್ಲಿಗೂ ಕೋಟು ಹಾಕಿಕೊಂಡು ಬಂದರು. ಕಿಟಕಿ ಪಕ್ಕದ ಮಂಚದಲ್ಲಿ ಕ್ಲಚ್ಚು ಒಣಗಿದ ಹುರಳಿಕಾಯಿಯಂತೆ ಮಲಗಿದ್ದ. ಹೊದಿಕೆಯ ಕೆಳಗೆ ಎಡಗಾಲು ಅಲುಗುತ್ತಿರಲಿಲ್ಲ.

“ನಿನ್ನ ಅಮಾನತು ತೆಗೆಸ್ತೀನಿ ಕಣೋ” ಎಂದರು ಭಾವ.

“ಅದನ್ನ ತಗೊಂಡು ಏನ್ ಮಾಡ್ಲಿ? ಸಂಘದ ಮಾತು ಬಿಡು. ನಿಂಗೊಂದು ಕೆಲಸ ಹೇಳ್ತೀನಿ. ನಾನು ಹೋದಾಗ ನೀನು ಹೆಗಲು ಕೊಡಬೇಕು. ಎಷ್ಟು ದೂರ ಜೊತೇಲಿ ಹೋಗಿದೀವಿ, ಇದೊಂದು ಟ್ರಿಪ್ಪು ನೀನು ಸಾಗಿಸು.”

“ನಾನಲ್ದೆ ಇನ್ಯಾರು ಕೊಡ್ತಾರೋ? ಕೊಡ್ತೀನಿ.”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, “ನೆನಪಿರಲಿ ಅಣ್ಣಾ, ಅವರು ಬೇರೆ ಏನೂ ಕೇಳಿಲ್ಲ” ಎಂದಳು. ಭಾವನ ಕಣ್ಣಲ್ಲಿ ನೀರು ಬಂತು. ನನಗೆ ಆ ಮನುಷ್ಯನ ಮೇಲೆ ಮೊದಲ ಸಲ ಸ್ವಲ್ಪ ಗೌರವ ಮೂಡಿತು. ಬೇಗ ಮೂಡಿದ್ದು ಬೇಗ ಹೋಗುತ್ತದೆ.

ಸಂಘ ಅಮಾನತು ತೆಗೆಯಿತು, ಅವನಿಗೆ ಪ್ರಜ್ಞೆ ತಪ್ಪಿದ ಮೇಲೆ. ವಾರ ಕಳೆಯುವುದರೊಳಗೆ ಅವನು ತೀರಿಕೊಂಡ.

ಅಕ್ಕ ಬೆಳಗ್ಗೆಯೇ ಬಸ್ಸಿನಲ್ಲಿ ಸತ್ತವನ ಮನೆಗೆ ಹೊರಟಳು. “ಜೊತೇಲೇ ಬನ್ನಿ” ಎಂದು ಭಾವನನ್ನು ಕರೆದಳು. ಅವರು ಅಷ್ಟರಲ್ಲಿ ಅಧ್ಯಕ್ಷರಿಗೆ ಫೋನ್ ಮಾಡಿಯಾಗಿತ್ತು. ನಮ್ಮವನು, ಗೌರವದಿಂದ ಕಾನ್ವಾಯಲ್ಲೇ ಹೋಗಬೇಕು ಎಂದು ಅಪ್ಪಣೆಯಾಗಿತ್ತು. ದಳದ ಬಾವುಟವನ್ನು ಇಸ್ತ್ರಿ ಮಾಡಿ ಮಡಿಲಲ್ಲಿ ಇಟ್ಟುಕೊಂಡು ನಾನು ಭಾವನ ಪಕ್ಕದಲ್ಲಿ ಕೂತೆ.

ಟೈರ್ ಅಂಗಡಿಯ ಮುಂದೆ ಸಾಲು ಕೂಡಿಸುವುದರಲ್ಲೇ ಬಿಸಿಲೇರಿತು. ಹೊರಟೆವು. ಹಿಟ್ಟಿನ ಗಿರಣಿಯ ಹತ್ತಿರ ನೇರ ಹೋಗಬೇಕು, ಅಧ್ಯಕ್ಷರ ಕಾರು ಬಲಕ್ಕೆ ತಿರುಗಿತು. ಭಾವ ಒಂದು ಕ್ಷಣ ಸ್ಟೇರಿಂಗನ್ನು ನೇರಕ್ಕೇ ಹಿಡಿದಿದ್ದರು. ಆಮೇಲೆ ಬಲಕ್ಕೆ ತಿರುಗಿಸಿದರು.

“ಭಾವ, ಇದು ದಾರಿಯಲ್ಲ.”

“ಗೊತ್ತು.”

“ಮತ್ತೆ?”

“ಮುಂದಿನ ಗಾಡಿ ಹೋಗ್ತಿದೆ.”

“ಹಾರ್ನ್ ಹೊಡೀರಿ. ಫೋನ್ ಮಾಡಿ.”

“ಹಾರ್ನ್ ಹೊಡೆಯೋ ಹಾಗಿಲ್ಲ. ಗಾಡಿ ಓಡಿಸುವಾಗ ಅವರು ಫೋನ್ ಎತ್ತಲ್ಲ.”

ಹಿಂದಿನವರಿಗೂ ದಾರಿ ಗೊತ್ತಿತ್ತು. ಊರಿನ ಸಂದುಗೊಂದಿಯೆಲ್ಲ ಬಲ್ಲ ಡ್ರೈವರುಗಳು. ಒಬ್ಬನೂ ಕದಲಲಿಲ್ಲ. ಎಲ್ಲರೂ ಗಂಭೀರವಾಗಿ, ಸಮ ಅಂತರದಲ್ಲಿ, ಒಂದು ಗೋದಾಮಿನ ಗೋಡೆಯವರೆಗೆ ಹೋಗಿ ನಿಂತೆವು. ಮುಂದೆ ರಸ್ತೆಯೇ ಇರಲಿಲ್ಲ. ಅಧ್ಯಕ್ಷರು ಇಳಿದು ಗೋಡೆಯನ್ನು ನೋಡಿ, “ರಸ್ತೆ ಬದಲಾಯಿಸಿಬಿಟ್ಟಿದಾರೆ” ಎಂದರು.

ನಿಂತಲ್ಲೇ ತಿರುಗಿಸಿಕೊಂಡು ಹೋಗಿದ್ದರೂ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆವು. ಆದರೆ ಹಾಗೆ ಮಾಡಿದರೆ ಕೊನೆಯವನು ಮೊದಲಾಗುತ್ತಾನಲ್ಲ! ಅಧ್ಯಕ್ಷರ ಮುಂದೆ ಒಬ್ಬ ಸಿಪಾಯಿಯ ಹಳೇ ವ್ಯಾನು! ಆದ್ದರಿಂದ ಎಲ್ಲ ಗಾಡಿಗಳೂ ರಸ್ತೆಯ ಒಂದು ಬದಿಗೆ ಒತ್ತಿಕೊಂಡು ನಿಂತವು, ಅಧ್ಯಕ್ಷರ ಕಾರು ಆ ಇಕ್ಕಟ್ಟಿನಲ್ಲಿ ಅಲ್ಲಲ್ಲಿ ಉಜ್ಜಿಕೊಂಡು ಹೊರಗೆ ಹೋಯಿತು. ಆಮೇಲೆ ನಾವು. ಒಂದು ಕಾರಿನ ಚಕ್ರ ಚರಂಡಿಗೆ ಇಳಿಯಿತು. ಕಾನ್ವಾಯ್ ಯಾರನ್ನೂ ಬಿಟ್ಟು ಹೋಗುವುದಿಲ್ಲವಂತೆ, ಅದನ್ನು ಎತ್ತುವವರೆಗೆ ಕಾದೆವು.

ಅಕ್ಕನ ಫೋನ್ ಬಂತು. “ಎಲ್ಲಿದೀರಿ? ಎತ್ತೋ ಹೊತ್ತಾಯ್ತು. ನಿಮಗೋಸ್ಕರ ನಿಲ್ಲಿಸಿದಾರೆ.”

“ಬಂದೆ, ಬಂದೇಬಿಟ್ಟೆ” ಎಂದರು ಭಾವ.

“ಭಾವ, ಇಳಿದು ಬಾಡಿಗೆ ಗಾಡೀಲಿ ಹೋಗಿ. ಇದನ್ನ ನಾನು ತರ್ತೀನಿ” ಎಂದೆ.

ಬಾಗಿಲ ಮೇಲೆ ಕೈ ಇಟ್ಟರು. ಇಟ್ಟೇ ಇದ್ದರು. ಆಮೇಲೆ, “ಎರಡನೇ ಗಾಡಿ ಕಾರ್ಯದರ್ಶಿದು ಕಣಯ್ಯಾ. ಅಧ್ಯಕ್ಷರು ಹಿಂದೆ ತಿರುಗಿ ನೋಡಿದ್ರೆ ನಾನಿರಬೇಕು” ಎಂದರು. ನನಗೆ ಆ ಮುಖ ನೋಡಲು ಹೇಸಿಗೆಯಾಯಿತು.

ಮನೆಗೆ ಹೋದಾಗ ಅಂಗಳ ಖಾಲಿ. ಸ್ಮಶಾನದ ಗೇಟಿನ ಮುಂದೆ ಸಾಲಾಗಿ ಗಾಡಿ ನಿಲ್ಲಿಸಿದಾಗ ಜನ ಹೊರಗೆ ಬರುತ್ತಿದ್ದರು, ಎಲ್ಲ ಮುಗಿದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅಧ್ಯಕ್ಷರು “ಸಾವಧಾನ್!” ಎಂದು ಕೂಗಿದರು, ಮುದುಕರೆಲ್ಲ ಗೇಟಿಗೆ ಸೆಲ್ಯೂಟ್ ಹೊಡೆದರು. ಬಾವುಟ ನನ್ನ ಕೈಯಲ್ಲೇ ಉಳಿಯಿತು.

ಕ್ಲಚ್ಚುವಿನ ಹೆಂಡತಿ ಭಾವನ ಕಡೆ ನೋಡದೆ ದಾಟಿ ಹೋದಳು. ಅವಳ ಹಿಂದೆ ಅಕ್ಕ. ಎಡಭುಜದ ಮೇಲೆ ಸೀರೆಯ ನೆರಿಗೆ ಮುದುಡಿ, ಬಿದಿರಿನ ಧೂಳು ಮೆತ್ತಿಕೊಂಡಿತ್ತು.

“ಮೂರು ಜನ ಹೆಗಲು ಕೊಟ್ಟು ನಿಂತಿದ್ರು” ಎಂದಳು. “ನಾಲ್ಕನೇದು ನಿಮ್ಮದು ಅಂತ ಅವಳು ಬೇರೆ ಯಾರನ್ನೂ ಮುಟ್ಟೋಕೆ ಬಿಡ್ಲಿಲ್ಲ. ಬೀದಿಯೋರೆಲ್ಲ ರಸ್ತೆ ಕಡೆ ನೋಡ್ಕೊಂಡು ನಿಂತಿದ್ರು. ನಾನೇ ಕೊಟ್ಟೆ.”

ಭಾವ ಕೈ ಚಾಚಿ ಅವಳ ಭುಜ ಮುಟ್ಟಲು ಹೋದರು. ಅಷ್ಟರಲ್ಲಿ ಹಿಂದಿನಿಂದ ಅಧ್ಯಕ್ಷರ ದನಿ ಕೇಳಿತು: “ಬಂದ ಕ್ರಮದಲ್ಲೇ ವಾಪಸ್.” ಚಾಚಿದ ಕೈ ತಾನಾಗಿ ಕೆಳಗಿಳಿದು ಕಾರಿನ ಕೀಲಿ ಹುಡುಕಿತು.

ಅಕ್ಕ ಅದನ್ನು ನೋಡಿದಳು. ಬಸ್ ನಿಲ್ದಾಣದ ಕಡೆ ನಡೆದಳು. ನಾನು ಬಾವುಟವನ್ನು ಭಾವನ ಕಾರಿನ ಸೀಟಿನ ಮೇಲೆ ಎಸೆದು ಅವಳ ಹಿಂದೆ ಹೋದೆ.