ಬೈಂದೂರಿಗೆ ಒಯ್ದ ಶಾಲು

ಬ್ರಹ್ಮಾವರದಲ್ಲಿ ಬಸ್ಸು ಹತ್ತುವಾಗ ಮಳೆ ಸ್ವಲ್ಪ ಬಿಟ್ಟಿತ್ತು. ಬೈಂದೂರಿನ ಸಣ್ಣ ಕ್ರೈಸ್ತ ಸಭೆಯ ಉಪದೇಶಕರಾಗಿದ್ದ ಸ್ಯಾಮುವೆಲಣ್ಣನನ್ನು ಮರುದಿನ ಅವರ ಅಕ್ಕ ಮಂಗಳೂರಿಗೆ ಕರೆದೊಯ್ಯುವವರಿದ್ದರು. ಕಾಯಿಲೆ ಬಲಿತಿದೆ, ಇನ್ನು ಮರಳುವುದು ಅನುಮಾನ ಎಂದು ಫೋನಿನಲ್ಲಿ ಕೇಳಿ ಹೊರಟಿದ್ದೆ.

ಕುಂದಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಬನ್ಸ್ ತಿಂದು ಚಾ ಕುಡಿದು, ಪಕ್ಕದ ಅಂಗಡಿಯಲ್ಲಿ ಜರಿಯಂಚಿನ ಶಾಲು ಕೊಂಡೆ.

"ಸನ್ಮಾನ ಯಾರಿಗಮ್ಮ?" ಅಂಗಡಿಯವರು ಕೇಳಿದರು.

"ನನ್ನ್ ಉಳ್ಸಿದವ್ರಿಗೆ."

"ಡಾಕ್ಟ್ರಾ?"

ಅಲ್ಲವೆಂದು ತಲೆಯಾಡಿಸಿ ದುಡ್ಡು ಕೊಟ್ಟೆ. ಗಂಡನೂ ಮಗಳೂ ಒಂದೇ ಅಪಘಾತದಲ್ಲಿ ಹೋದ ಮೇಲೆ ನಾನು ಮನೆಬಾಗಿಲು ಹಾಕಿಕೊಂಡು ಕೂತಿದ್ದೆ. ಗಂಡನ ಪರಿಚಯದ ಸ್ಯಾಮುವೆಲಣ್ಣ ಪ್ರತಿ ಗುರುವಾರ ಅಷ್ಟು ದೂರದಿಂದ ಬಂದು, ಜಗಲಿಯಲ್ಲಿ ಕೂತು, ಮುಚ್ಚಿದ ಬಾಗಿಲಿಗೆ ಕೇಳುವಂತೆ ಪ್ರಾರ್ಥಿಸಿ ಹೋಗುತ್ತಿದ್ದರು. ಒಂದು ಗುರುವಾರ ನಾನೇ ಎದ್ದು ಬಾಗಿಲು ತೆಗೆದೆ. ದೇವರಲ್ಲಿ ನನ್ನ ವಿಶ್ವಾಸ ಹುಟ್ಟಿದ್ದು ಅಲ್ಲಿಂದ.

ಮರವಂತೆ ದಾಟುವಾಗ ಮತ್ತೆ ಮಳೆ ಹಿಡಿಯಿತು. ಕಂಡಕ್ಟರ್ ಶಟರ್ ಎಳೆಯಲು ಹೇಳಿದ. ರಸ್ತೆಯ ಒಂದು ಬದಿಯ ಕಡಲೂ ಇನ್ನೊಂದು ಬದಿಯ ಹೊಳೆಯೂ ಮರೆಯಾದವು.

ಬೈಂದೂರಿನಲ್ಲಿ ಬಾಗಿಲು ತೆರೆದದ್ದು ನೆರೆಮನೆಯ ಗಿರಿಜಕ್ಕ. ಸ್ಯಾಮುವೆಲಣ್ಣ ದಿಂಬಿಗೆ ಒರಗಿದ್ದರು, ತೀರಾ ಸಣ್ಣಗಾಗಿದ್ದರು. ಶಾಲು ಬಿಚ್ಚಿದಾಗ ಕೈ ಅಡ್ಡ ಹಿಡಿದರು.

"ಇದೆಂತಕ್ಕೆ ಲೀನಾ?"

"ನೀವ್ ಬರ್ದೇ ಇದ್ರೆ ನನ್ ಗತಿ ಎಂತ ಆತಿತ್ತೊ ಅಣ್ಣ. ನನ್ನ್ ಉಳ್ಸಿದ್ದ್ ನೀವೇ."

ಅವರು ಶಾಲನ್ನು ಬದಿಗೆ ಸರಿಸಿದರು. ಆಮೇಲೆ ಹೇಳಿದರು: "ನೀ ಬಾಗ್ಲ್ ತೆಗ್ದ ದಿನ ನಾ ಎಂತಕ್ಕೆ ಬಂದದ್ದ್ ಗೊತ್ತಿತ್ತಾ? ಇನ್ಮೇಲೆ ನಾ ಬತ್ತಿಲ್ಲೆ ಅಂದ್ ಹೇಳಿ ಹೋಗೂಕೆ. ನಂಗೆ ಸಾಕಾಯಿತ್ತ್. ಆ ದಿನ ಪ್ರಾರ್ಥನೆಯೂ ಮಾಡ್ಲಿಲ್ಲ. ಚಪ್ಲಿ ಹಾಕ್ಕಂತಾ ಇದ್ದೆ, ನೀ ಬಾಗ್ಲ್ ತೆಗ್ದೆ."

ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನನ್ನನ್ನು ಕೈಬಿಡದವರು ಒಬ್ಬರಾದರೂ ಇದ್ದರು ಎಂಬ ನೆನಪಿನ ಮೇಲೆ ಇಷ್ಟು ವರ್ಷ ಬದುಕಿದ್ದೆ. ಅವರೂ ಬಿಟ್ಟಿದ್ದರು.

"ಬೇಜಾರಾಯ್ತಾ?"

"ಹೌದು."

"ನಂಗೂ ಆಯಿತ್ತ್. ಆಮೇಲೆ ಧೈರ್ಯ ಬಂತ್. ನಾ ಬಿಟ್ರೂ ದೇವ್ರ್ ಬಿಡ್ಲಿಲ್ಲ ಅಲ್ದಾ. ನಿನ್ನ್ ಉಳ್ಸಿದ್ದ್ ಅವ್ನೇ. ಈಗ ನಂಗೂ ಬೇರೆ ಯಾರಿಲ್ಲೆ."

ಗಿರಿಜಕ್ಕ ಶಾಲು ತೆಗೆದುಕೊಂಡು, "ಸನ್ಮಾನ ಇರ್ಲಿ, ಕಾಲ್ ತಣ್ಣಗಿತ್ತ್" ಎಂದು ಅವರ ಪಾದಗಳಿಗೆ ಹೊದಿಸಿದರು.

ಈ ಸಲ ನೀನು ಪ್ರಾರ್ಥಿಸು ಎಂದರು ಸ್ಯಾಮುವೆಲಣ್ಣ. ಅಲ್ಲಿಯವರೆಗೆ ನಾನು ಹೇಳಿದ್ದು ಬರೀ ಆಮೆನ್. ತಡವರಿಸುತ್ತ ದೇವರ ಹೆಸರು ಹಿಡಿದೆ. ಅಣ್ಣನನ್ನು ಹೊಗಳಲಿಲ್ಲ, ಅವರನ್ನು ದೇವರ ಕೈಗೆ ಒಪ್ಪಿಸಿದೆ, ಅಷ್ಟೇ. ಕಣ್ಣು ಬಿಟ್ಟಾಗ ಅವರು ಅಳುತ್ತಿದ್ದರು. ಮುಖ ಮಾತ್ರ ಹಗುರಾಗಿತ್ತು.

ಸಂಜೆಯ ನೇರ ಬಸ್ಸಿನಲ್ಲಿ ಜನ ಕಡಿಮೆ. ಪಕ್ಕದ ಸೀಟು ಬ್ರಹ್ಮಾವರದವರೆಗೂ ಖಾಲಿಯೇ ಇತ್ತು. ಇಳಿದು ಕೊಡೆ ಬಿಚ್ಚಿ ನಡೆಯುತ್ತ, ಯಾರಿಗೆ ಕೃತಜ್ಞತೆ ಹೇಳಬೇಕಿತ್ತೋ ಅವನಿಗೇ ಮೆಲ್ಲಗೆ ಹೇಳಿದೆ. ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ.